ಗೊರಿಲ್ಲಾ ಹೆಚ್ಚಿತು, ಒರಾಂಗುಟಾನ್ ಕುಸಿಯಿತು: ಕಾರಣ ಕಾಡೋ, ಮನುಷ್ಯರೋ?

ಪ್ರಶ್ನೆ: ಮೃಗಾಲಯದಲ್ಲಿ ಗೊರಿಲ್ಲಾಗಳನ್ನು ನೋಡಿ ಬಂದ ಮೇಲೆ ಮಕ್ಕಳ ಜೊತೆ ಕೂತು ಅವುಗಳ ಬಗ್ಗೆ ಓದುತ್ತಿದ್ದೇನೆ. ಆಫ್ರಿಕಾದ ಬೆಟ್ಟದ ಗೊರಿಲ್ಲಾಗಳ ಸಂಖ್ಯೆ ಏರುತ್ತಿದೆಯಂತೆ. ಬೋರ್ನಿಯೋದ ಒರಾಂಗುಟಾನ್‌ಗಳ ಸಂಖ್ಯೆ ಇಳಿಯುತ್ತಿದೆಯಂತೆ. ಗೊರಿಲ್ಲಾಗಳ ಕಾಡು ಚಿಕ್ಕದು, ಸುತ್ತ ಜನವೋ ಜನ. ಬೋರ್ನಿಯೋ ಭಾರಿ ದ್ವೀಪ. ಲೆಕ್ಕ ಉಲ್ಟಾ ಇರಬೇಕಿತ್ತು ಅಲ್ವಾ?
– ಓದುಗರು, ಮೈಸೂರು

ಉತ್ತರ: ಕಾಡು ಎಷ್ಟು ಉಳಿದಿದೆ ಎನ್ನುವುದು ಮುಖ್ಯವೇ. ಆದರೆ ದೊಡ್ಡ ವಾನರಗಳ ವಿಷಯದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ: ಬೆಳೆದ ಹೆಣ್ಣುಗಳು ವರ್ಷಕ್ಕೆ ಎಷ್ಟು ಸಾಯುತ್ತಿವೆ? ಬೆಟ್ಟದ ಗೊರಿಲ್ಲಾ ಹೆಣ್ಣು ಮೊದಲ ಮರಿ ಹಾಕುವುದು ಸುಮಾರು ಹತ್ತನೇ ವಯಸ್ಸಿಗೆ. ಆಮೇಲೆ ಸುಮಾರು ನಾಲ್ಕು ವರ್ಷಕ್ಕೊಂದು ಮರಿ. ಒರಾಂಗುಟಾನ್ ಇನ್ನೂ ನಿಧಾನ. ಅದರ ಎರಡು ಮರಿಗಳ ನಡುವೆ ಏಳೆಂಟು ವರ್ಷದ ಅಂತರ. ಕಾಡುಹಂದಿಯಾದರೆ ನಾಲ್ಕು ಸತ್ತರೂ ಮುಂದಿನ ಮಳೆಗಾಲದ ಹೊತ್ತಿಗೆ ಲೆಕ್ಕ ಸರಿಹೋಗಬಹುದು. ಒರಾಂಗುಟಾನ್ ಹೆಣ್ಣುಗಳಲ್ಲಿ ನೂರಕ್ಕೆ ಒಂದರಂತೆ ಪ್ರತಿವರ್ಷ ಬೇಟೆಗೆ ಬಲಿಯಾದರೂ ಆ ಗುಂಪು ನಿಧಾನವಾಗಿ ಕರಗುತ್ತಾ ಹೋಗುತ್ತದೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಬೆಟ್ಟದ ಗೊರಿಲ್ಲಾಗಳಿಗೆ ಇರುವುದು ಎರಡೇ ತುಂಡು ಕಾಡು. ಒಂದು ರುವಾಂಡ, ಉಗಾಂಡ, ಕಾಂಗೋ ಮೂರೂ ದೇಶ ಸೇರುವ ವಿರುಂಗಾ ಜ್ವಾಲಾಮುಖಿ ಸಾಲು, ಸುಮಾರು 450 ಚದರ ಕಿಲೋಮೀಟರ್. ಇನ್ನೊಂದು ಉಗಾಂಡದ ಬ್ವಿಂಡಿ, ಸುಮಾರು 330. ಕಾಡಿನ ಬೇಲಿಗೆ ತಾಗಿಯೇ ಆಲೂಗಡ್ಡೆ ಹೊಲ. 1960ರ ದಶಕದ ಕೊನೆಯಲ್ಲಿ ರುವಾಂಡದ ಕಡೆ ಸುಮಾರು 100 ಚದರ ಕಿಲೋಮೀಟರ್ ಕಾಡನ್ನು ಪೈರೆಥ್ರಮ್ ಬೆಳೆಯಲು ಬಿಟ್ಟುಕೊಟ್ಟರು. ಅದು ಕೀಟನಾಶಕಕ್ಕೆ ಬಳಸುವ ಹೂವು. 1981ರಲ್ಲಿ ಎಣಿಸಿದಾಗ ವಿರುಂಗಾದಲ್ಲಿ ಸಿಕ್ಕಿದ್ದು 250ರ ಆಸುಪಾಸು ಗೊರಿಲ್ಲಾ. 2015-16ರ ಗಣತಿಯಲ್ಲಿ 604. ಬ್ವಿಂಡಿಯ 2018ರ ಎಣಿಕೆಯನ್ನೂ ಸೇರಿಸಿದರೆ ಒಟ್ಟು 1,063. ಈ ನಡುವೆ ರುವಾಂಡದಲ್ಲಿ ನರಮೇಧ ನಡೆಯಿತು, ಕಾಂಗೋದಲ್ಲಿ ಯುದ್ಧ ನಡೆಯಿತು. ಕಾಡು ಒಂದಿಂಚೂ ದೊಡ್ಡದಾಗಲಿಲ್ಲ ಎನ್ನಬಹುದು. ಆದರೂ ಸಂಖ್ಯೆ ಏರಿತು.

ಹೇಗೆ? ವಿರುಂಗಾದಲ್ಲಿ 1967ರಿಂದ 2008ರವರೆಗಿನ ದಾಖಲೆಗಳನ್ನು ಸಂಶೋಧಕರು ಒಟ್ಟಿಗೆ ಇಟ್ಟು ನೋಡಿದರು. ಮನುಷ್ಯರಿಗೆ ಒಗ್ಗಿಕೊಂಡು, ಕಾವಲುಗಾರರು ದಿನವೂ ಹಿಂದೆ ಹೋಗುವ ಗುಂಪುಗಳು ವರ್ಷಕ್ಕೆ ಶೇ 4ರಷ್ಟು ಬೆಳೆದಿದ್ದವು. ಅದೇ ಕಾಡಿನಲ್ಲಿ, ಯಾರ ಕಣ್ಗಾವಲೂ ಇಲ್ಲದೆ ತಮ್ಮ ಪಾಡಿಗೆ ಇದ್ದ ಗುಂಪುಗಳು ಸ್ವಲ್ಪ ಸ್ವಲ್ಪವೇ ಕಡಿಮೆಯಾಗಿದ್ದವು. ಎರಡಕ್ಕೂ ಅದೇ ಬೆಟ್ಟ, ಅದೇ ಚಳಿ, ಅದೇ ಬಿದಿರು. ಬೇರೆ ಇದ್ದದ್ದು ದಿನಾ ಬೆಳಿಗ್ಗೆ ಹಿಂದೆ ಹೋಗುವ ಜನ, ಗಾಯವಾದರೆ ಅಲ್ಲಿಗೇ ಬರುವ ಪಶುವೈದ್ಯರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಗಟ್ಟಿ ಪಾಠ ಇಲ್ಲ.

ಆ ಕಾವಲುಗಾರರ ಮುಖ್ಯ ಕೆಲಸ ಉರುಳು ಹುಡುಕುವುದು. ಎಳೆ ಬಿದಿರನ್ನು ಬಗ್ಗಿಸಿ, ತುದಿಗೆ ಹಗ್ಗದ ಕುಣಿಕೆ ಕಟ್ಟಿ, ಎಲೆ ಮುಚ್ಚಿರುತ್ತಾರೆ. ಕಾಲಿಟ್ಟ ಕೂಡಲೇ ಬಿದಿರು ಚಿಮ್ಮಿ ಕುಣಿಕೆ ಬಿಗಿಯುತ್ತದೆ. ಅದನ್ನು ಇಡುವುದು ಜಿಂಕೆಯಂಥ ಸಣ್ಣ ಪ್ರಾಣಿಗೆ, ಗೊರಿಲ್ಲಾಗೆ ಅಲ್ಲ. ದೊಡ್ಡ ಗೊರಿಲ್ಲಾ ಎಳೆದು ಕಿತ್ತುಕೊಂಡು ಹೋಗುತ್ತದೆ, ಮರಿಗೆ ಅಷ್ಟು ಬಲ ಇಲ್ಲ. ಕೈ ಕೊಳೆತು ಸಾಯುತ್ತದೆ. 2012ರಲ್ಲಿ ರುವಾಂಡದ ಒಂದು ಗುಂಪಿನಲ್ಲಿ ಹೀಗೆ ಮರಿಯೊಂದು ಸತ್ತಿತು. ಕೆಲವೇ ದಿನಗಳಲ್ಲಿ ಅದೇ ಗುಂಪಿನ ಸುಮಾರು ನಾಲ್ಕು ವರ್ಷದ ಎರಡು ಗೊರಿಲ್ಲಾಗಳು ಇನ್ನೊಂದು ಉರುಳಿನ ಹತ್ತಿರ ಓಡಿದವು. ಒಂದು ಬಗ್ಗಿದ ಕೋಲಿನ ಮೇಲೆ ಹಾರಿ ಮುರಿಯಿತು, ಇನ್ನೊಂದು ಕುಣಿಕೆ ಬಿಡಿಸಿತು. ಕಾವಲುಗಾರರು ಕಣ್ಣಾರೆ ಕಂಡ ಘಟನೆ ಇದು.

ಕೋವಿಯ ಕಥೆ ಇನ್ನೂ ಕೆಟ್ಟದು. ಗುಂಪಿನ ಯಜಮಾನ ಗಂಡನ್ನು ಹೊಡೆದರೆ ಸಾಯುವುದು ಅದೊಂದೇ ಅಲ್ಲ. ಹೆಣ್ಣುಗಳು ಬೇರೆ ಗಂಡಿನ ಜೊತೆ ಸೇರುತ್ತವೆ, ಆ ಹೊಸ ಗಂಡು ಹಾಲು ಕುಡಿಯುವ ಮರಿಗಳನ್ನು ಕೊಲ್ಲುವುದುಂಟು.

ಹಾಗಂತ 250ರಿಂದ 604ಕ್ಕೆ ಏರಿದ್ದೆಲ್ಲ ಹೊಸ ಹುಟ್ಟು ಎಂದುಕೊಳ್ಳಬೇಡಿ. ಎಣಿಸುವ ರೀತಿಯೂ ಸುಧಾರಿಸಿದೆ. ಗೊರಿಲ್ಲಾ ಪ್ರತಿ ರಾತ್ರಿ ಗಿಡಗಳನ್ನು ಮಡಚಿ ಹೊಸ ಗೂಡು ಮಾಡಿಕೊಂಡು ಮಲಗುತ್ತದೆ, ಬೆಳಿಗ್ಗೆ ಅಲ್ಲೇ ಹಿಕ್ಕೆ ಹಾಕಿ ಹೋಗುತ್ತದೆ. ಗಣತಿಯವರು ಸಾಲಾಗಿ ಇಡೀ ಕಾಡು ಸುತ್ತಿ, ಗೂಡು ಗೂಡಿನಿಂದಲೂ ಹಿಕ್ಕೆ ಎತ್ತಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಡಿಎನ್‌ಎ ನೋಡಿದರೆ ಯಾವ ಗೊರಿಲ್ಲಾ ಎಂದು ಗೊತ್ತಾಗುತ್ತದೆ, ಒಂದನ್ನೇ ಎರಡು ಸಲ ಎಣಿಸುವುದು ತಪ್ಪುತ್ತದೆ. ಈಚಿನ ಗಣತಿಗಳಲ್ಲಿ ಕಾಡನ್ನು ಒಂದಲ್ಲ, ಎರಡು ಸುತ್ತು ಹಾಕುತ್ತಾರೆ. ಮೊದಲ ಸುತ್ತಿನಲ್ಲಿ ತಪ್ಪಿಸಿಕೊಂಡವು ಎರಡನೆಯದರಲ್ಲಿ ಸಿಗುತ್ತವೆ. ಅದನ್ನೆಲ್ಲ ಕಳೆದರೂ ಏರಿಕೆ ನಿಜ. 2018ರಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯವರು ಇವುಗಳನ್ನು 'ತೀರಾ ಅಪಾಯ'ದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿನ 'ಅಪಾಯ'ದ ಪಟ್ಟಿಗೆ ಇಳಿಸಿದರು.

ಪರಿಸರ ಈಗ ಬೇರೆ ರೀತಿಯಲ್ಲಿ ಲೆಕ್ಕ ಕೇಳುತ್ತಿದೆ. ರುವಾಂಡದ ಕಡೆ ಗುಂಪುಗಳು ಒಡೆದು ಜಾಸ್ತಿಯಾದವು. ಜಾಗ ಅಷ್ಟೇ ಇದೆ. ಗುಂಪುಗಳು ಪದೇ ಪದೇ ಎದುರಾಗಿ ಜಗಳವಾಗುತ್ತದೆ, ಅದರಲ್ಲಿ ಮರಿಗಳು ಸಾಯುತ್ತವೆ, ಬೆಳವಣಿಗೆ ನಿಧಾನವಾಗಿದೆ. ಕಾಡು ಚಿಕ್ಕದು ಎಂದು ನೀವು ಬರೆದಿರಲ್ಲ, ಅದರ ಬಿಸಿ ಈಗ ತಟ್ಟುತ್ತಿದೆ.

ಇನ್ನು ಬೋರ್ನಿಯೋ. 1999ರಿಂದ 2015ರೊಳಗೆ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್ ಕಡಿಮೆಯಾದವು ಎಂದು 2018ರಲ್ಲಿ ಬಂದ ದೊಡ್ಡ ಅಧ್ಯಯನ ಅಂದಾಜು ಮಾಡಿತು. ಕಾಡು ಕಡಿದು ತಾಳೆ ತೋಟ ಮಾಡಿದ ಕಡೆ ಅವು ಅತಿ ವೇಗವಾಗಿ ಇಲ್ಲವಾದವು, ಅದು ನಿರೀಕ್ಷೆ ಮಾಡಿದ್ದೇ. ಆದರೆ ಒಟ್ಟು ಸಂಖ್ಯೆಯಲ್ಲಿ ಹೆಚ್ಚು ಕಡಿಮೆಯಾದದ್ದು ಮರ ಇನ್ನೂ ನಿಂತಿರುವ ಕಾಡಿನಲ್ಲಿ! ಕಾರಣ ಕೊಲೆ. ಕೆಲವು ಕಡೆ ಮಾಂಸಕ್ಕೆ, ಕೆಲವು ಕಡೆ ತೋಟಕ್ಕೆ ನುಗ್ಗಿದವೆಂದು, ಕೆಲವು ಕಡೆ ಮರಿಯನ್ನು ಹಿಡಿದು ಮಾರಲು. ತಾಯಿ ಬದುಕಿರುವವರೆಗೆ ಮರಿಯನ್ನು ಬಿಡುವುದಿಲ್ಲ. ಸಾಕಲು ಮಾರಿದ ಒಂದೊಂದು ಮರಿಯ ಹಿಂದೆಯೂ ಸಾಮಾನ್ಯವಾಗಿ ಒಂದು ಸತ್ತ ತಾಯಿ ಇರುತ್ತದೆ.

ಮಣ್ಣಿನ ಪಾತ್ರವನ್ನೂ ಮರೆಯಬಾರದು. ಒರಾಂಗುಟಾನ್ ಇರುವ ಇನ್ನೊಂದು ದ್ವೀಪ ಸುಮಾತ್ರಾ. ಅಲ್ಲಿಯದು ಜ್ವಾಲಾಮುಖಿಯ ಫಲವತ್ತಾದ ಮಣ್ಣು, ಹಣ್ಣು ಹೆಚ್ಚು. ಹಾಗಾಗಿ ಒಂದೇ ಅಳತೆಯ ಕಾಡಿನಲ್ಲಿ ಅಲ್ಲಿ ಸಾಮಾನ್ಯವಾಗಿ ಜಾಸ್ತಿ ಒರಾಂಗುಟಾನ್ ಇರುತ್ತವೆ. ಬೋರ್ನಿಯೋದಲ್ಲಿ ಕೆಲವು ವರ್ಷಗಳಿಗೊಮ್ಮೆ ಕಾಡಿಗೆ ಕಾಡೇ ಹಣ್ಣು ಬಿಡುತ್ತದೆ, ನಡುವೆ ಬರ. ಆ ಬರದಲ್ಲಿ ಅವು ತೊಗಟೆ ತಿಂದು, ಮೈಯ ಕೊಬ್ಬು ಕರಗಿಸಿಕೊಂಡು ಬದುಕುತ್ತವೆ. ಅಂಥ ಹೊತ್ತಿನಲ್ಲಿ ಕಾಡೂ ತುಂಡಾದರೆ ಹಸಿದ ಪ್ರಾಣಿ ತೋಟಕ್ಕೆ ಬರುತ್ತದೆ, ತೋಟದಲ್ಲಿ ಕೋವಿ ಕಾದಿರುತ್ತದೆ. ಪರಿಸರ, ಮನುಷ್ಯ ಎಂದು ಎರಡು ಕಾಲಂ ಹಾಕಿ ಬರೆಯಲು ಆಗದೇ ಇರುವುದು ಇದಕ್ಕೇ. ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಬಿಸ್ಕತ್ತು, ಸೋಪು, ಬೇಕರಿ ತಿಂಡಿ ಎಲ್ಲದರಲ್ಲೂ ಅದಿದೆ. ಎಣ್ಣೆ ಎಲ್ಲಿಂದ ಬಂತು ಎಂದು ಕಂಪನಿಗಳನ್ನು ಕೇಳುವ ಹಕ್ಕು ನಮಗೂ ಇದೆ. ಕೇಳೋಣ.

ಮಕ್ಕಳಿಗೆ ಒಂದು ಮಾತು ಹೇಳಿ: 2021ರಲ್ಲಿ ಜರ್ಮನಿಯಿಂದ ಮೈಸೂರಿಗೆ ಬಂದ ಥಾಬೋ ಮತ್ತು ಡೆಂಬಾ ಬೆಟ್ಟದ ಗೊರಿಲ್ಲಾಗಳಲ್ಲ, ಮಧ್ಯ ಆಫ್ರಿಕಾದ ಪಶ್ಚಿಮ ಭಾಗದ ತಗ್ಗುಕಾಡಿನ ಜಾತಿ. ಆ ಜಾತಿಗೆ ಬೇಟೆಯ ಜೊತೆ ಎಬೋಲಾ ಕಾಟ. 2002-03ರಲ್ಲಿ ಕಾಂಗೋ ಗಣರಾಜ್ಯದ (ವಿರುಂಗಾ ಇರುವ ಕಾಂಗೋ ಅಲ್ಲ, ಅದರ ಪಕ್ಕದ ಇನ್ನೊಂದು ದೇಶ) ಲೊಸ್ಸಿ ಕಾಡಿನ ಸುತ್ತಮುತ್ತ ಸುಮಾರು 5,000 ಗೊರಿಲ್ಲಾಗಳು ಅದರಿಂದ ಸತ್ತವೆಂದು ಅಂದಾಜು.

ಪ್ರಶ್ನೆ: ನಮ್ಮ ಪಶ್ಚಿಮ ಘಟ್ಟದ ಸಿಂಗಳೀಕವೂ ಈ ಗುಂಪಿಗೇ ಸೇರುತ್ತದಾ?
– ವಿದ್ಯಾರ್ಥಿ, ಶಿರಸಿ

ಉತ್ತರ: ಇಲ್ಲ. ಸಿಂಗಳೀಕ, ಮುಸುವ, ಕೋತಿ ಎಲ್ಲಕ್ಕೂ ಬಾಲ ಇದೆ, ಅವು ಮಂಗಗಳು. ಗೊರಿಲ್ಲಾ, ಚಿಂಪಾಂಜಿ, ಬೊನೊಬೊ, ಒರಾಂಗುಟಾನ್‌ಗೆ ಬಾಲ ಇಲ್ಲ. ನಮ್ಮ ದೇಶದ ಕಾಡಿನಲ್ಲಿ ಬಾಲವಿಲ್ಲದ ವಾನರ ಬೇಕೆಂದರೆ ಈಶಾನ್ಯಕ್ಕೆ ಹೋಗಬೇಕು. ಅಲ್ಲಿ ಹೂಲಾಕ್ ಗಿಬ್ಬನ್ ಇದೆ, ಅದು ಸಣ್ಣ ವಾನರ.

ಪ್ರಶ್ನೆ: ಕಂಪಾಲಾದಲ್ಲಿ ಕೆಲಸದಲ್ಲಿದ್ದೇನೆ. ಬ್ವಿಂಡಿಗೆ ಗೊರಿಲ್ಲಾ ನೋಡಲು ಹೋಗಲು ಪರ್ಮಿಟ್ ದುಡ್ಡು ಕಟ್ಟಿದ್ದೇವೆ. ಊರಿಂದ ಬಂದ ತಮ್ಮನಿಗೆ ನೆಗಡಿ, ಕೆಮ್ಮು. ಮಾಸ್ಕ್ ಹಾಕಿಕೊಂಡು ಹೋದರೆ ಸಾಲದಾ?
– ಕನ್ನಡಿಗರು, ಉಗಾಂಡ

ಉತ್ತರ: ಸಾಲದು. ದಯವಿಟ್ಟು ತಮ್ಮನನ್ನು ಕರೆದುಕೊಂಡು ಹೋಗಬೇಡಿ. ಮಂಗನ ಕಾಯಿಲೆ ನೋಡಿದ ಮಲೆನಾಡಿನವರಿಗೆ ರೋಗ ಕಾಡಿನಿಂದ ಮನುಷ್ಯನಿಗೆ ಬರುವುದು ಗೊತ್ತು. ಇಲ್ಲಿ ದಾರಿ ತಿರುಗು ಮುರುಗು. ನಮಗೆ ಮೂರು ದಿನದ ನೆಗಡಿ, ಅದನ್ನು ಎಂದೂ ಕಾಣದ ಗೊರಿಲ್ಲಾ ಮರಿಗೆ ನ್ಯುಮೋನಿಯಾ ಆಗಬಹುದು. 1988ರಲ್ಲಿ ರುವಾಂಡದ ಗುಂಪುಗಳಲ್ಲಿ ಉಸಿರಾಟದ ರೋಗ ಹಬ್ಬಿ ಕೆಲವು ಸತ್ತಾಗ, ದಡಾರವೇ ಇರಬೇಕೆಂದು ಅನುಮಾನಪಟ್ಟು ಕಾಡಿನಲ್ಲೇ ಗೊರಿಲ್ಲಾಗಳಿಗೆ ದಡಾರದ ಲಸಿಕೆ ಹಾಕಿದ್ದರು. 1966ರಲ್ಲಿ ತಾಂಜಾನಿಯಾದ ಗೊಂಬೆ (Gombe) ಎಂಬ ಕಾಡಿನಲ್ಲಿ ಚಿಂಪಾಂಜಿಗಳಿಗೆ ಪೋಲಿಯೋದಂಥ ಲಕ್ವ ಬಡಿದಿತ್ತು.

ಹಾಗಂತ ನೀವೂ ಹೋಗಬೇಡಿ ಎನ್ನುವುದಿಲ್ಲ. ಕಾವಲುಗಾರರ ಸಂಬಳ ಬರುವುದು ಬಹುಮಟ್ಟಿಗೆ ನಿಮ್ಮಂಥವರ ದುಡ್ಡಿನಿಂದಲೇ, ಅದರ ಒಂದು ಪಾಲು ಅಕ್ಕಪಕ್ಕದ ಹಳ್ಳಿಗಳಿಗೂ ಹೋಗುತ್ತದೆ. ಆರೋಗ್ಯವಾಗಿರುವವರು ಹೋಗಿ. ಮಾಸ್ಕ್ ತೆಗೆಯಬೇಡಿ, ಹತ್ತು ಮೀಟರ್ ದೂರ ಇರಿ. ಮರಿ ತಾನಾಗಿ ಹತ್ತಿರ ಬಂದರೂ ಫೋಟೋ ಆಸೆಗೆ ನಿಲ್ಲದೆ ಹಿಂದೆ ಸರಿಯಿರಿ. ಕಾಡಿನಲ್ಲಿ ಕೆಮ್ಮು ಬಂದರೆ ಗೊರಿಲ್ಲಾಗಳಿಗೆ ಬೆನ್ನು ತಿರುಗಿಸಿ, ಮೊಣಕೈ ಅಡ್ಡ ಹಿಡಿದು ಕೆಮ್ಮಿ, ಗೈಡ್‌ಗೆ ತಿಳಿಸಿ. ತಮ್ಮನ ಪರ್ಮಿಟ್ ವಿಷಯವನ್ನು ಹೊರಡುವ ಮೊದಲೇ ಉದ್ಯಾನದ ಕಚೇರಿಗೆ ಹೇಳಿ, ದಿನ ಬದಲಿಸಲು ಆಗುತ್ತದಾ, ಹಣ ವಾಪಸ್ ಸಿಗುತ್ತದಾ ಎಂದು ವಿಚಾರಿಸಿ.