ಸಂಪಾದಕರ ಉತ್ತರ: ವಕಾಲತ್ತು ಮುಗಿದ ಮೇಲಿನ ಕೆಲಸ

ಫ್ರಾನ್ಸಿನ ನ್ಯಾಯಮಂತ್ರಿಯಾಗಿ 1981ರಲ್ಲಿ ಮರಣದಂಡನೆ ರದ್ದುಪಡಿಸುವ ಕಾನೂನು ತಂದ ರೊಬೇರ್ ಬದಾಂತೇರ್ ಅವರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಬರಹವನ್ನು ಓದಿ ಶಿರಸಿಯ ವಕೀಲರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಕೋರ್ಟಿನಲ್ಲಿ ಕೊಲೆಗಾರರ ಪರ ವಾದಿಸಿ ಸೋತವರು ಮಂತ್ರಿಯಾದ ಕೂಡಲೇ ಅದೇ ವಾದವನ್ನು ಕಾನೂನು ಮಾಡಿಕೊಂಡದ್ದು ಅಧಿಕಾರದ ದುರುಪಯೋಗವೆಂಬುದು ಅವರ ಆಕ್ಷೇಪ. 'ಕೊಂದವನ ಜೀವಕ್ಕೆ ಅಷ್ಟು ಮರುಗಿದವರಿಗೆ ಸತ್ತವನ ಮನೆಯ ಬಾಗಿಲು ಕಾಣಲೇ ಇಲ್ಲ' ಎಂದೂ ಅವರು ಬರೆದಿದ್ದಾರೆ.

ಮಾನ್ಯರೇ, ಸೋತ ಮೊಕದ್ದಮೆ ಯಾವುದೆಂದು ಮೊದಲು ನೋಡೋಣ. 1971ರಲ್ಲಿ ಕ್ಲೇರ್ವೋ ಜೈಲಿನಲ್ಲಿ ಬ್ಯುಫೆ, ಬೊಂತಾಂ ಎಂಬ ಇಬ್ಬರು ಕೈದಿಗಳು ಒಬ್ಬ ನರ್ಸನ್ನೂ ಒಬ್ಬ ಕಾವಲುಗಾರನನ್ನೂ ಒತ್ತೆ ಹಿಡಿದರು, ಒತ್ತೆಯಾಳುಗಳಿಬ್ಬರೂ ಕೊಲೆಯಾದರು. ಬದಾಂತೇರ್ ಬೊಂತಾಂನ ವಕೀಲರು. ಕೊಂದ ಕೈ ಇವನದಲ್ಲವೆಂದು ತ್ರ್ವಾ ಪಟ್ಟಣದ ಜ್ಯೂರಿಯೇ ಒಪ್ಪಿತು, ಒಪ್ಪಿಯೂ ಮರಣದಂಡನೆ ವಿಧಿಸಿತು. 1972ರ ನವೆಂಬರ್ 28ರ ನಸುಕಿನಲ್ಲಿ, ಪ್ಯಾರಿಸ್ಸಿನ ಲಾ ಸಾಂತೆ ಜೈಲಿನಲ್ಲಿ, ಕಕ್ಷಿದಾರನ ಜೊತೆ ಕೊನೆಯ ಗಳಿಗೆಯವರೆಗೂ ಇದ್ದ ಬದಾಂತೇರ್ ಗಿಲೋಟಿನ್ನಿನ ಅಲಗು ಬೀಳುವ ಸದ್ದನ್ನು ಕೇಳಿದರು. ಐದು ವರ್ಷ ಕಳೆಯುವ ಮುನ್ನ, 1977ರ ಜನವರಿಯಲ್ಲಿ, ಅದೇ ತ್ರ್ವಾ ಪಟ್ಟಣದಲ್ಲಿ, ಏಳು ವರ್ಷದ ಬಾಲಕನನ್ನು ಅಪಹರಿಸಿ ಕೊಂದ ಪಾತ್ರಿಕ್ ಆನ್ರಿಯ ಪರ ಅವರು ವಾದಿಸಿದರು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಕೊಲ್ಲದವನು ಸತ್ತ, ಕೊಂದವನು ಉಳಿದ. ಊರು ಒಂದೇ, ವಕೀಲರೂ ಒಬ್ಬರೇ. ಈ ಅನ್ಯಾಯವನ್ನು ಯಾವ ವಕೀಲನೂ, ಎಷ್ಟೇ ಚೆನ್ನಾಗಿ ವಾದಿಸಿದರೂ, ಒಂದೊಂದೇ ಮೊಕದ್ದಮೆ ಗೆದ್ದು ಸರಿಪಡಿಸಲಾರ. ಅದು ಶಾಸನಸಭೆಯ ಕೆಲಸ.

ಆ ಕೆಲಸ ನಡೆದದ್ದೂ ಕದ್ದುಮುಚ್ಚಿಯಲ್ಲ. ಬಹುಪಾಲು ಜನ ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದಾರೆಂದು ತಿಳಿದೂ, ಆ ವರ್ಷ ಅಧ್ಯಕ್ಷರಾಗಿ ಆಯ್ಕೆಯಾದ ಮಿತ್ತೆರಾಂ 1981ರ ಚುನಾವಣೆಗೆ ಮುನ್ನವೇ ಟಿ.ವಿ.ಯಲ್ಲಿ ಮರಣದಂಡನೆಗೆ ತಮ್ಮ ವಿರೋಧವನ್ನು ಸಾರಿದ್ದರು. ರದ್ದತಿಯ ಮಸೂದೆಗೆ ಕೆಳಮನೆಯಾದ ರಾಷ್ಟ್ರೀಯ ಸಭೆಯಲ್ಲಿ 363 ಪರ, 117 ವಿರುದ್ಧ ಮತಗಳು ಬಿದ್ದವು. ವಿರೋಧ ಪಕ್ಷಗಳ ಬಹುಮತವಿದ್ದ ಮೇಲ್ಮನೆ ಸೆನೆಟ್ಟೂ 160–126ರಿಂದ ಒಪ್ಪಿತು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಬದಾಂತೇರ್ ಅವರ ತಂದೆಯನ್ನು 1943ರಲ್ಲಿ ಲಿಯೋನ್ ನಗರದಲ್ಲಿ ಬಂಧಿಸಿದ್ದು ಕ್ಲಾಸ್ ಬಾರ್ಬಿಯ ಗೆಸ್ಟಾಪೊ, ಅಂದರೆ ನಾಜಿಗಳ ಗುಪ್ತ ಪೊಲೀಸ್ ಪಡೆ. ತಂದೆ ನಾಜಿಗಳ ಸೊಬಿಬೋರ್ ಹತ್ಯಾ ಶಿಬಿರದಿಂದ ಮರಳಲಿಲ್ಲ. ಅದೇ ಬಾರ್ಬಿಯನ್ನು 1983ರಲ್ಲಿ ಬೊಲಿವಿಯಾದಿಂದ ಫ್ರಾನ್ಸಿಗೆ ಕರೆತಂದಾಗ ನ್ಯಾಯಮಂತ್ರಿಯಾಗಿದ್ದವರು ಬದಾಂತೇರ್. ತಾವೇ ತಂದ ಕಾನೂನು ಅವನ ಜೀವವನ್ನೂ ಕಾಯಿತು. 1987ರಲ್ಲಿ ಅವನಿಗಾದದ್ದು ಜೀವಾವಧಿ ಶಿಕ್ಷೆ. ಕಕ್ಷಿದಾರರ ಹಿತಕ್ಕಾಗಿ ಮಂತ್ರಿಯಾದವರಿಗೆ ಇಂಥ ಪರೀಕ್ಷೆ ಎದುರಾಗುವುದಿಲ್ಲ.

ಸತ್ತವನ ಮನೆಯ ಬಾಗಿಲಿನ ಮಾತಿಗೆ ಬರುತ್ತೇನೆ. ಫ್ರಾನ್ಸಿನಲ್ಲಿ ಇಂದಿಗೂ 'ಬದಾಂತೇರ್ ಕಾನೂನು' ಎಂದರೆ ಮರಣದಂಡನೆ ರದ್ದತಿಯಲ್ಲ, 1985ರ ಜುಲೈ 5ರ ರಸ್ತೆ ಅಪಘಾತ ಪರಿಹಾರದ ಕಾನೂನು. ಅದರ ಪ್ರಕಾರ ಮೋಟಾರು ವಾಹನ ಬಡಿದು ಗಾಯಗೊಂಡ ಪಾದಚಾರಿಯ ಸಾಮಾನ್ಯ ಅಜಾಗರೂಕತೆಯನ್ನು ಮುಂದೊಡ್ಡಿ ಪರಿಹಾರ ತಪ್ಪಿಸುವಂತಿಲ್ಲ. 16ಕ್ಕಿಂತ ಚಿಕ್ಕವರಿಗೂ 70 ದಾಟಿದವರಿಗೂ ರಕ್ಷಣೆ ಇನ್ನೂ ಹೆಚ್ಚು. ಈ ವಯಸ್ಸಿನವರಲ್ಲಿ ಬೇಕೆಂದೇ ಹಾನಿ ತಂದುಕೊಂಡವರನ್ನು ಬಿಟ್ಟರೆ ಮಿಕ್ಕವರಿಗೆಲ್ಲ ದೈಹಿಕ ಹಾನಿಯ ಪರಿಹಾರ ಸಿಗಲೇಬೇಕು.

ನಮ್ಮಲ್ಲೂ ಮೋಟಾರು ವಾಹನ ಕಾಯ್ದೆಯ 164ನೆಯ ಕಲಮಿನಡಿ, ತಪ್ಪು ಯಾರದೆಂದು ಕೇಳದೆ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೇಕೆಂದರೆ ಚಾಲಕನ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ವರದಿಗಾರನಾಗಿದ್ದ ಕಾಲದಲ್ಲಿ ಕಾರವಾರದ ಕೋರ್ಟಿನಲ್ಲಿ ಅಂಥದೊಂದು ಅರ್ಜಿಯ ವಿಚಾರಣೆ ಕೇಳಲು ಕುಳಿತಿದ್ದೆ. ಮೀನು ಮಾರುವ ಮುದುಕಿ, ವಯಸ್ಸು ಎಪ್ಪತ್ತೆರಡು; ಹೆದ್ದಾರಿ ದಾಟುವಾಗ ಲಾರಿ ಬಡಿದು ಸೊಂಟ ಮುರಿದಿತ್ತು. ವಿಮೆಯವರ ಪರ ವಕೀಲರು, 'ತಲೆ ಮೇಲೆ ಬುಟ್ಟಿ ಇತ್ತಲ್ಲ, ಬಲಗಡೆ ತಿರುಗಿ ನೋಡಿದ್ದೆಯಾ?' ಎಂದು ಮೂರು ಸಲ ಕೇಳಿದರು. ಕಟಕಟೆಯ ಕಂಬಿ ಹಿಡಿದು ನಿಂತಿದ್ದ ಆಕೆ ಮೂರನೆಯ ಸಲ ನ್ಯಾಯಾಧೀಶರ ಕಡೆ ತಿರುಗಿ, 'ಬುಟ್ಟಿ ಇಳಿಸಿ ನೋಡ್ಬೇಕಾಗಿತ್ತಾ ಸಾಯಬ್ರೆ?' ಎಂದಳು. ಬದಾಂತೇರ್ ತಂದ ಕಾನೂನಿನಡಿ ಆ ಪ್ರಶ್ನೆಯನ್ನು ಆ ವಯಸ್ಸಿನವಳಿಗೆ ಒಂದು ಸಲವೂ ಕೇಳುವ ಅಗತ್ಯ ಬೀಳುತ್ತಿರಲಿಲ್ಲ.