‘ನಾಯಿ ಇರಬೇಕು, ಇಲ್ಲ ನಾನಿರಬೇಕು’ ಅಂತಾರೆ ಅತ್ತೆ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಗಂಡ, ಅತ್ತೆ, ಐದನೇ ಕ್ಲಾಸಿನ ಮಗ ಮತ್ತು ನಾನು. ಗಂಡ ನನ್ನನ್ನು ಒಂದು ಮಾತೂ ಕೇಳದೆ ಮುಧೋಳ ನಾಯಿಮರಿ ತಂದರು. ಹೆಸರು ಮಿಂಚು, ಈಗ ಹತ್ತು ತಿಂಗಳು. ಬಂದವರ ಮೈಮೇಲೆಲ್ಲ ಹಾರುತ್ತಾನೆ, ಸಿಕ್ಕಿದ ಚಪ್ಪಲಿ ಹರಿಯುತ್ತಾನೆ. ಹೋದ ವಾರ ಅತ್ತೆಯ ಮೇಲೆ ಹಾರಿ ಅವರು ಬಿದ್ದರು, ಬಲಗೈ ಮಣಿಕಟ್ಟು ಉಳುಕಿದೆ. ನಾಯಿ ಇರಬೇಕು, ಇಲ್ಲ ನಾನಿರಬೇಕು ಅಂತಿದ್ದಾರೆ. ಗಂಡ ಸಂಜೆ ಬಂದು ಪೇಪರ್ ಸುರುಳಿಯಲ್ಲಿ ಹೊಡೆಯುತ್ತಾರೆ, ಮಗ ಅಳುತ್ತಾನೆ. ಯಾರಿಗಾದರೂ ಕೊಟ್ಟುಬಿಡಲೇ?
– ಹೆಸರು ಬೇಡ

ಉತ್ತರ: ಅತ್ತೆಯ ಕೈಗೆ ಎಕ್ಸ್‌ರೇ ತೆಗೆಸಿದ್ರಾ? ವಯಸ್ಸಾದವರಲ್ಲಿ ಉಳುಕು ಅಂದುಕೊಂಡದ್ದು ಎಷ್ಟೋ ಸಲ ಮೂಳೆ ಬಿರುಕಾಗಿರುತ್ತದೆ. ಊತ ಇನ್ನೂ ಇದ್ದರೆ ಇವತ್ತೇ ತೋರಿಸಿ. ಮಿಂಚುವಿನ ವಿಚಾರ ಆಮೇಲೆ.

‘ಒಂದು ಮಾತೂ ಕೇಳದೆ’ ಅಂತ ಬರೆದಿದ್ದೀರಿ. ಚಪ್ಪಲಿಗಿಂತ ಅದೇ ನಿಮಗೆ ಜಾಸ್ತಿ ಚುಚ್ಚುತ್ತಿದೆ, ಅಲ್ವಾ? ತಂದವರು ಅವರು, ಉಚ್ಚೆ ಒರೆಸುವವರು ನೀವು. ಇದನ್ನು ಗಂಡನ ಹತ್ತಿರ ನೇರವಾಗಿ ಹೇಳಿ, ಹೇಳುವಾಗಲೇ ಒಂದು ಕೆಲಸವನ್ನೂ ಹಚ್ಚಿ: ಬೆಳಗಿನ ಓಟ ಅವರದು.

ಮುಧೋಳ ಅಂದರೆ ಬಯಲುಸೀಮೆಯಲ್ಲಿ ಮೊಲದ ಬೆನ್ನಟ್ಟಲು ಸಾಕಿಕೊಂಡು ಬಂದ ತಳಿ. 2005ರಲ್ಲಿ ಇದರ ಅಂಚೆಚೀಟಿಯೂ ಬಂತು. ಅಂಚೆಚೀಟಿಯ ಮೇಲೆ ಸುಮ್ಮನಿರುತ್ತದೆ, ಎರಡು ರೂಮಿನ ಮನೆಯಲ್ಲಿ ಇರುವುದಿಲ್ಲ. ಅದರಲ್ಲೂ ಹತ್ತು ತಿಂಗಳು ಅಂದರೆ ನಾಯಿಗೆ ಹದಿಹರೆಯ. ಬಿಸಿಲೇರುವ ಮುಂಚೆ, ಸುತ್ತ ಗೋಡೆ ಇರುವ ಮೈದಾನದಲ್ಲಿ ಓಡಿಸಲಿ. ರಸ್ತೆಯಲ್ಲಿ ಮಾತ್ರ ಹಗ್ಗ ಬಿಡಬಾರದು. ಬೆಕ್ಕು ಕಂಡರೆ ಈ ತಳಿಗೆ ಕಿವಿಯೇ ಕೇಳುವುದಿಲ್ಲ. ವಾಪಸ್ ಬರುವಾಗ ಅವಸರ ಬೇಡ, ಗಿಡ, ಕಂಬ ಎಲ್ಲ ಮೂಸಲಿ. ಮೂಸಿದರೂ ನಾಯಿ ದಣಿಯುತ್ತದೆ. ಸ್ವಲ್ಪ ಹೊತ್ತು ಮಲಗಿ ಎದ್ದ ಮೇಲೆ ಊಟ. ಹೊಟ್ಟೆ ತುಂಬ ತಿಂದ ತಕ್ಷಣ ಓಡಿಸುವುದು ಇಂಥ ಆಳ ಎದೆಯ ನಾಯಿಗಳಿಗೆ ಅಪಾಯ.

ಇನ್ನು ಆ ಪೇಪರ್. ಚಪ್ಪಲಿ ಹರಿದದ್ದು ಬೆಳಿಗ್ಗೆ ಹತ್ತಕ್ಕೆ, ಏಟು ಬಿದ್ದದ್ದು ಸಂಜೆ ಏಳಕ್ಕೆ. ನಾಯಿ ಇವೆರಡನ್ನೂ ಸೇರಿಸಿ ನೋಡುವುದಿಲ್ಲ. ‘ಯಜಮಾನ ಬಂದರೆ ಏಟು’ ಅಂತಷ್ಟೇ ಕಲಿಯುತ್ತದೆ. ಬಾಲ ಮಡಚಿ ಮೂಲೆ ಸೇರುತ್ತಾನಲ್ಲ, ಅದು ತಪ್ಪಿನ ಅರಿವಲ್ಲ, ಹೆದರಿಕೆ. ಇನ್ನು ಚಪ್ಪಲಿ ಹೊರಗಿಟ್ಟು ಕಚ್ಚಬೇಡ ಅನ್ನುವುದು ಬೆಲ್ಲ ಇಟ್ಟು ಇರುವೆಗೆ ಬರಬೇಡ ಅಂದ ಹಾಗೆ. ಬಾಗಿಲಿರುವ ಸ್ಟ್ಯಾಂಡ್ ತನ್ನಿ. ನಮ್ಮನೆ ಬೀದಿನಾಯಿ ಒಂದು ಯುಗಾದಿ ದಿನ ಆರು ಹೋಳಿಗೆ ನುಂಗಿತ್ತು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟವಳು ನಾನೇ. ಯಾರನ್ನು ಬೈಯಲಿ?

ಹಾರುವುದನ್ನು ಬಿಡಿಸಲು ನಾನು ನಿಮ್ಮನ್ನು ಕೇಳುವುದಿಲ್ಲ, ನಿಮ್ಮ ಅತ್ತೆಯನ್ನು ಕೇಳುತ್ತೇನೆ. ಅವರು ಕುರ್ಚಿಯಲ್ಲಿ ಕೂರಲಿ. ತೊಡೆಯ ಮೇಲೊಂದು ಸ್ಟೀಲ್ ಡಬ್ಬಿ, ಒಳಗೆ ಕಡಲೆಕಾಯಿ ಬೀಜದಷ್ಟು ಸಣ್ಣ ಜೋಳದ ರೊಟ್ಟಿ ಚೂರು, ಬೇಯಿಸಿದ ಮೊಟ್ಟೆ ಚೂರು. ಮಿಂಚುವನ್ನು ಎದುರಿನ ಕಿಟಕಿ ಸರಳಿಗೆ ಕಟ್ಟಿ. ಹಗ್ಗ ಅವರ ಮೊಣಕಾಲಿಗೆ ಎಟುಕದಷ್ಟು ಗಿಡ್ಡ ಇರಲಿ. ಹಾರಿದರೆ ಅತ್ತೆ ಬೈಯುವುದೂ ಬೇಡ, ನೋಡುವುದೂ ಬೇಡ, ಮುಖ ತಿರುಗಿಸಿದರೆ ಸಾಕು. ‘ಹಚಾ’ ಅಂದರೂ, ಕೈಯಲ್ಲಿ ತಳ್ಳಿದರೂ ಅವನಿಗೆ ಅದು ಆಟವೇ. ನಾಲ್ಕೂ ಕಾಲು ನೆಲಕ್ಕೆ ತಾಗಿದ ಆ ಕ್ಷಣಕ್ಕೆ ಒಂದು ಚೂರು ಅವನ ಕಾಲ ಬುಡಕ್ಕೆ ಎಸೆಯಲಿ. ತಡವಾದರೆ ಯಾತಕ್ಕೆ ಸಿಕ್ಕಿತೆಂದು ಅವನಿಗೆ ತಿಳಿಯುವುದಿಲ್ಲ. ಐದು ನಿಮಿಷ, ದಿನಕ್ಕೆ ಮೂರು ಸಲ. ಎಡಗೈಯಲ್ಲೇ ಎಸೆಯಲಿ.

ಮೊದಮೊದಲು ಹಾರಾಟ ಜಾಸ್ತಿಯಾಗಬಹುದು. ಇಷ್ಟು ದಿನ ನಡೆದದ್ದು ಈಗ ಯಾಕೆ ನಡೆಯುತ್ತಿಲ್ಲ ಅಂತ ಇನ್ನೂ ಜೋರು ಮಾಡುತ್ತಾನೆ. ಆಗ ಸೋತು ಮೈ ಸವರಿದರೆ ಎಲ್ಲ ನೀರುಪಾಲು. ಮಗನಿಗೂ ಹೇಳಿ: ಅವನು ಹಾರಿದಾಗ ಕಿರುಚಿ ಓಡಬೇಡ, ಕೈ ಕಟ್ಟಿ ಮರದ ಹಾಗೆ ನಿಂತುಬಿಡು. ನೆಂಟರು ಬಂದಾಗ ಸುಮ್ನೆ ಪರೀಕ್ಷೆ ಮಾಡಲು ಹೋಗಬೇಡಿ, ಮೊದಲೇ ಕಟ್ಟಿಹಾಕಿ.

ಎರಡು ತಿಂಗಳು ಹೀಗೆ ಮಾಡಿ ನೋಡಿ. ಅಲ್ಲಿಯವರೆಗೆ ಅತ್ತೆ ನಡುಮನೆಯಲ್ಲಿ ಓಡಾಡುವಾಗ ಮಿಂಚು ಹಗ್ಗದಲ್ಲೇ ಇರಲಿ. ಇದರಲ್ಲಿ ರಾಜಿ ಬೇಡ, ಅವರು ಇನ್ನೊಮ್ಮೆ ಬೀಳಬಾರದು. ಗಂಡ ಬೆಳಗಿನ ಓಟವನ್ನು ಒಂದು ವಾರ ಮಾಡಿ ಬಿಟ್ಟರೆ ಆಗ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ‘ಹೌದು, ಕೊಟ್ಟುಬಿಡಿ’. ತೋಟದ ಮನೆ ಇದ್ದು, ಓಡಿಸುವ ತಾಳ್ಮೆ ಇರುವವರಿಗೆ ಕೊಡಿ. ಆ ಮನೆಯನ್ನು ಹುಡುಕುವ ಕೆಲಸವೂ ಅವರದೇ, ನೀವು ತಲೆ ಹಾಕಬೇಡಿ.