ಇಸ್ತಾಂಬುಲ್‌ನಲ್ಲಿ ಸಸ್ಯಾಹಾರಿ ಅಮ್ಮನಿಗೆ ಊಟ

ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ, ಇಸ್ತಾಂಬುಲ್ ಹೋಟೆಲುಗಳಲ್ಲಿ ಏನು ಗತಿ ಅಂತ ಕೇಳಿದ್ದೀರಿ. ಉಪವಾಸವೇನೂ ಬೀಳಲ್ಲ ಬಿಡಿ. ಕಬಾಬ್ ಅಂಗಡಿ ಬಿಟ್ಟು 'ಲೋಕಾಂತಾ' ಅಂತ ಬೋರ್ಡ್ ಇರುವ ಕಡೆ ಹೋಗಿ. ಮಾಡಿಟ್ಟ ಅಡುಗೆಯೆಲ್ಲ ಗಾಜಿನ ಹಿಂದೆ ಟ್ರೇಗಳಲ್ಲಿ ಕಾಣುತ್ತದೆ, ಬೆರಳು ತೋರಿಸಿದರೆ ಸಾಕು. 'ಜೈತಿನ್‌ಯಾಲಿ' ಕೇಳಿ. ಆಲಿವ್ ಎಣ್ಣೆಯಲ್ಲಿ ಬೇಯಿಸಿ, ತಣ್ಣಗಾದ ಮೇಲೆ ಕೊಡುವ ತರಕಾರಿಗಳು. 'ಇಮಾಮ್ ಬಾಯಿಲ್ದಿ' ನಮ್ಮ ಎಣ್ಣೆಗಾಯಿಯ ದೂರದ ನೆಂಟ: ಇಡೀ ಬದನೆಕಾಯಿ ಸೀಳಿ ಈರುಳ್ಳಿ, ಟೊಮ್ಯಾಟೊ, ಬೆಳ್ಳುಳ್ಳಿ ತುಂಬಿರುತ್ತಾರೆ. ಆದರೆ ನೋಡೋಕೆ ಹಾಗೇ ಇರುವ 'ಕರ್ನಿಯಾರಿಕ್'ನಲ್ಲಿ ಕೈಮಾ ಇರುತ್ತದೆ, ಹುಷಾರು!

ನಿಜವಾದ ತಾಪತ್ರಯ ಸೂಪು ಮತ್ತು ಅನ್ನದ್ದು. ಬೇಳೆ ಸೂಪನ್ನೂ ಪಿಲಾವನ್ನೂ ಎಷ್ಟೋ ಕಡೆ ಮಾಂಸದ ಇಲ್ಲವೇ ಕೋಳಿಯ ರಸದಲ್ಲಿ ಬೇಯಿಸುತ್ತಾರೆ. ಸುಮ್ನೆ 'ಎತ್ (ಮಾಂಸ) ಇಲ್ಲ ತಾನೇ' ಅಂತ ಕೇಳಿದರೆ ಸಾಲದು, ಅಲ್ಲಿ ಎಷ್ಟೋ ಜನರ ಲೆಕ್ಕದಲ್ಲಿ ಕೋಳಿ 'ಎತ್' ಅಲ್ಲ! 'ಎತ್ ಸುಯು, ತಾವುಕ್ ಸುಯು ವಾರ್ ಮಿ?' ಅಂತ ಮಾಂಸದ ರಸ, ಕೋಳಿ ರಸ ಎರಡನ್ನೂ ಕೇಳಿ. 'ಯೋಕ್' (ಇಲ್ಲ) ಅಂದರೆ ಧೈರ್ಯವಾಗಿ ತಿನ್ನಿ.

ಕುಡಿಯೋಕೆ ಆಯ್ರಾನ್ ಹೇಳಿ, ಉಪ್ಪು ಹಾಕಿದ ತಣ್ಣನೆ ಮಜ್ಜಿಗೆ. ಮಧ್ಯಾಹ್ನವೇ ಹೋಗಿ, ಸಂಜೆ ಹೊತ್ತಿಗೆ ಒಳ್ಳೆ ಟ್ರೇಗಳು ಖಾಲಿಯಾಗಿರುತ್ತವೆ.